ಸಂಘದವರು ಉಳಿಸಿದ ಕೋಣ

ಕರಿಗಲ್ಲು,
ಯಲಬುರ್ಗಾ ತಾಲೂಕು
8–12–1982

ಸರ್ವಜೀವ ದಯಾ ಸಂಘದ ಕಾರ್ಯದರ್ಶಿಗಳೂ ನನ್ನ ಯಜಮಾನರೂ ಆದ ಹೇಮಪ್ಪ ಮಾಸ್ತರರಿಗೆ ವಿರೂಪಾಕ್ಷಮ್ಮನ ನಮಸ್ಕಾರಗಳು.

ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ಗಂಗಾವತಿಯ ಗೋಡೆಗಳ ಮೇಲೆಲ್ಲ ದಪ್ಪಕ್ಷರದಲ್ಲಿ ಅಚ್ಚಾಗಿರುವ ಹೆಸರನ್ನು ಹೆಂಡತಿಯೊಬ್ಬಳು ಬಾಯಲ್ಲಿ ಮುಚ್ಚಿಟ್ಟುಕೊಂಡು ಏನು ಮಾಡುವುದು? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಕೋಣವೊಂದನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ.

ನಿಮ್ಮ ಕಾಗದವೂ ಆಮಂತ್ರಣ ಪತ್ರಿಕೆಯೂ ಸೋಮವಾರ ಬಂದವು. ಹತ್ತೊಂಬತ್ತನೇ ತಾರೀಖು ಸಂಘದ ವಾರ್ಷಿಕೋತ್ಸವ, ಹಿಂದಿನ ದಿನ ಲಾರಿ ಕಳಿಸುತ್ತೀರಿ, ಕೋಣದ ಮೈ ತೊಳೆದು ಕೋಡಿಗೆ ಎಣ್ಣೆ ಹಚ್ಚಿ ಲಾರಿಗೆ ಹತ್ತಿಸಬೇಕು, ಬಸ್ ಸ್ಟ್ಯಾಂಡಿನಿಂದ ಸಭೆಯವರೆಗೆ ಬ್ಯಾಂಡಿನವರ ಹಿಂದೆ ಅದರ ಮೆರವಣಿಗೆ, ಆಮೇಲೆ ನಮ್ಮಿಬ್ಬರನ್ನು ವೇದಿಕೆಯ ಮೇಲೆ ಜೋಡಿಯಾಗಿ ಕೂರಿಸಿ ಶಾಲು ಹೊದಿಸುತ್ತಾರೆ. ಎಲ್ಲ ತಿಳಿಯಿತು. ಕೋಣ ಮೈ ತುಂಬಿಕೊಂಡಿದೆಯೇ, ಬ್ಯಾಂಡಿನ ಸದ್ದಿಗೆ ಬೆದರುತ್ತದೆಯೇ, ನನ್ನ ಹತ್ತಿರ ರೇಷ್ಮೆ ಸೀರೆ ಇದೆಯೇ ಎಂದು ಕೇಳಿದ್ದೀರಿ. ನಾನು ಹೇಗಿದ್ದೇನೆ ಎಂದು ಕೇಳಿಲ್ಲ. ಅದು ಬಿಡಿ, ಆ ಪ್ರಶ್ನೆಯ ರೂಢಿ ನಮ್ಮಲ್ಲಿ ತಪ್ಪಿ ಬಹಳ ದಿನವಾಯಿತು. ಆದರೆ ಕೋಣದ ಕಾಲಿನ ವಿಷಯ ದಸರೆಯ ಹೊತ್ತಿಗೇ ಬರೆದಿದ್ದೆನಲ್ಲ, ಅದನ್ನೂ ಕೇಳಿಲ್ಲ. ಓದಿದಿರೋ, ಕರಪತ್ರದ ಕಟ್ಟಿನಡಿ ಸಿಕ್ಕಿಬಿತ್ತೋ ಯಾರಿಗೆ ಗೊತ್ತು. ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನೋಣವೆಂದರೆ ಆ ಮಾತೂ ಸುಳ್ಳು. ನಾನು ಮಾತಾಡಿಸಿದರೆ ಕೋಣ ಕಿವಿಯಾದರೂ ಅಲ್ಲಾಡಿಸುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬಲಿಯ ಪರ ಅಲ್ಲ, ಎಂದೂ ಆಗಿರಲಿಲ್ಲ. ನೀವು ಸಂಘ ಕಟ್ಟುವುದಕ್ಕೆ ಮುಂಚೆಯೇ ದುರುಗವ್ವನ ಹಬ್ಬದ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತು ಅಳುತ್ತಿದ್ದವಳು ನಾನು. ನೀವು ಜೀಪು, ಪೊಲೀಸರು, ಮೈಕು ತಂದು ಗುಡಿಯ ಮುಂದೆ ನಿಂತ ದಿನ ಹೆಂಗಸರಲ್ಲಿ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ. ನೀವು ಕೋಣದ ಕೊರಳು ತಬ್ಬಿಕೊಂಡಿರಿ, ಪತ್ರಿಕೆಯವರು ಫೋಟೋ ತೆಗೆದರು. ಆವತ್ತು ನಿಮ್ಮನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಯಿತೆಂದು ನಿಮಗೆ ಹೇಳಲೇ ಇಲ್ಲ, ಹೇಳುವಷ್ಟರಲ್ಲಿ ನೀವು ಜೀಪು ಹತ್ತಿಯಾಗಿತ್ತು.

ಆ ದಿನ ಪೂಜಾರಿ ಕಾಳಪ್ಪ ನಿಮ್ಮನ್ನು ಕೇಳಿದ ಮಾತು ನೆನಪಿದೆಯೇ? ಕೈ ಮುಗಿದುಕೊಂಡು, “ಮಾಸ್ತರ್ರ, ಬಲಿ ಬ್ಯಾಡ ಅಂತೀರಿ, ಬಿಡ್ತೀವಿ. ಇದನ್ನ ಇನ್ನ ಮುಂದ ಸಾಕೋರು ಯಾರ್ರೀ?” ಎಂದ. ನೀವು ನಗುತ್ತ, “ಇಷ್ಟ ದಿನ ಸಾಕಿದ ಊರು ಇನ್ನ ಮ್ಯಾಲ ಸಾಕೂದಿಲ್ಲೇನು?” ಎಂದಿರಿ. ಜನ ಸುಮ್ಮನಿದ್ದರು. ಒಪ್ಪಿದರೆಂದು ನೀವು ತಿಳಿದಿರಿ.

ಈ ಊರಲ್ಲೇ ಹುಟ್ಟಿದವರು ನೀವು, ನನ್ನ ಹಾಗೆ ಕುಷ್ಟಗಿಯಿಂದ ಬಂದವರಲ್ಲ. ಈ ತಪ್ಪು ಹೇಗೆ ಮಾಡಿದಿರೋ ನನಗೆ ಇಂದಿಗೂ ತಿಳಿಯದು. ಕರುವಿದ್ದಾಗಲೇ ದುರುಗವ್ವನ ಹೆಸರಿಗೆ ಬಿಟ್ಟ ಕೋಣ ಅದು. ಕೊರಳಿಗೆ ಹಗ್ಗವಿಲ್ಲ, ಹೆಗಲಿಗೆ ನೊಗವಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ “ಅವ್ವ ಬಂದಾಳ, ಮೇಯಲಿ” ಎಂದು ಕೈ ಮುಗಿದು ದೂರ ನಿಲ್ಲುತ್ತಿದ್ದರು. ನಮ್ಮ ಬಾಗಿಲಿಗೆ ಬಂದು ಮುಸುರೆ ಕುಡಿದು ಹೋಗುತ್ತಿತ್ತು, ಪಕ್ಕದ ಮನೆಯ ಜೈನಾಬೀಯ ಅಂಗಳದಲ್ಲಿ ಹಿಂಡಿ ತಿಂದು ಮಲಗುತ್ತಿತ್ತು. ಊರು ಅದನ್ನು ಸಾಕಿದ್ದು ಅವ್ವನಿಗೆಂದು. ಅವ್ವನಿಂದ ಬಿಡಿಸಿದ ಮೇಲೆ ಅದು ಯಾರದು? ನೀವು ಉಳಿಸಿದ್ದು ಕೊಡಲಿಯಿಂದ ಮಾತ್ರ. ಊರಿನ ಕೈ ಮುಗಿಯುವುದನ್ನೂ ಅದೇ ಜೀಪಿನಲ್ಲಿ ತೆಗೆದುಕೊಂಡು ಹೋದಿರಿ.

ನೀವು ಹೋದ ಮರುದಿನವೇ ಅದು ದಿನದ ಹಾಗೆ ಹೊನ್ನೂರಪ್ಪನ ಜೋಳದ ಹೊಲಕ್ಕೆ ಹೋಯಿತು. ಹೊನ್ನೂರಪ್ಪ ಬಡಿಗೆ ತೆಗೆದುಕೊಂಡ. ನಾನು ಓಡಿಹೋಗಿ ಅಡ್ಡ ನಿಂತರೆ, “ಅಕ್ಕಾರ, ಅವ್ವನ ಪಾಲು ಅಂತ ಬಿಟ್ಟಿದ್ದೆ. ಅವ್ವಗ ಬ್ಯಾಡಾಗಿದ್ದು ನಾ ಯಾಕ ಮೇಯಸಲಿ?” ಎಂದ. ಅವನದೇನು ತಪ್ಪು ಹೇಳಿ. ಆದರೆ ಆ ಕೋಣ ಓಡಲಿಲ್ಲ, ನೋಡಿ. ಹುಟ್ಟಿದಾಗಿನಿಂದ ಯಾರೂ ಅದನ್ನು ಹಚಾ ಎಂದು ಅಟ್ಟಿರಲಿಲ್ಲ. ಬಡಿಗೆ ಎತ್ತಿದರೆ ಓಡಬೇಕೆಂಬುದೂ ಅದಕ್ಕೆ ಗೊತ್ತಿರಲಿಲ್ಲ. ಬಾಯಲ್ಲಿ ಜೋಳದ ಗರಿ ಕಚ್ಚಿಕೊಂಡು ಹೊಡೆತ ತಿನ್ನುತ್ತ ಅವನ ಮುಖವನ್ನೇ ನೋಡುತ್ತ ನಿಂತಿತ್ತು. 

ಹೂಡೋಣವೆಂದರೆ ದೇವರಿಗೆ ಬಿಟ್ಟದ್ದಕ್ಕೆ ನೊಗ ಹಾಕಲು ಯಾರೂ ಒಪ್ಪಲಿಲ್ಲ. ಪುಕ್ಕಟೆ ಕೊಡುತ್ತೇನೆಂದರೂ ಬೇರೆ ಊರಿನವರು ಮನೆಗೆ ಕಟ್ಟಿಕೊಳ್ಳಲಿಲ್ಲ. ಕೊನೆಗೆ ನಮ್ಮ ಹಿತ್ತಲಿಗೆ ತಂದು ನಾನೇ ಮೊದಲ ಸಲ ಅದರ ಕೊರಳಿಗೆ ಹಗ್ಗ ಹಾಕಿದೆ. ನೀವು ಅದೇ ಸುಗ್ಗಿಯಲ್ಲಿ ವರ್ಗ ಮಾಡಿಸಿಕೊಂಡು ಗಂಗಾವತಿಗೆ ಹೋದಿರಿ. ಮನೆ ಮಾಡಿ ಕರೆಸಿಕೊಳ್ಳುತ್ತೇನೆ ಎಂದಿರಿ. ಮನೆಯೂ ಆಯಿತು, ಸಂಘದ ಆಫೀಸೂ ಆಯಿತು. ನನ್ನನ್ನು ಮಾತ್ರ ಕೋಣ ನೋಡಿಕೊಳ್ಳಲು ಇಲ್ಲೇ ಬಿಟ್ಟಿರಿ. “ನಮ್ಮ ಮನಿಯವರು ಅದನ್ನ ಕೂಸಿನಂಗ ಸಾಕಾಕತ್ತ್ಯಾರ” ಎಂದು ಸಭೆಗಳಲ್ಲಿ ಹೇಳುತ್ತೀರಂತೆ. ಕೂಸಿಲ್ಲದವಳ ಬಗ್ಗೆ ಆ ಮಾತು ಹೇಳುವಾಗ ನಿಮ್ಮ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲವೇ? ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹೋದ ವರ್ಷ ಹಾಲಿಲ್ಲದ ಊಟದ ಕಾರ್ಯಕ್ರಮಕ್ಕೆ ಕರೆದಿರಿ. ಬಂದೆ. ಶೇಂಗಾ ಅರೆದು ಹಾಲು ಮಾಡಿ ಅದರಲ್ಲೇ ಚಹಾ, ತುಪ್ಪವಿಲ್ಲದ ಹೋಳಿಗೆ, ಮಜ್ಜಿಗೆಯ ಬದಲು ಹುಣಸೆ ಸಾರು. ಗಂಗಾವತಿಯ ದೊಡ್ಡ ಮನೆಯ ಹೆಂಗಸರು ಮೂಗು ಮುರಿಯುತ್ತ ಕುಡಿದರು. ನನಗೆ ಚಹಾ ಸೇರಲಿಲ್ಲ, ಆದರೆ ನಿಮ್ಮ ಮಾತು ಸೇರಿತು. ಕರುವಿನ ಪಾಲನ್ನು ಕಸಿದು ಕುಡಿಯುವುದು ಕಳವು ಎಂದಿರಿ. ಆಕಳು, ಎಮ್ಮೆ ಬಾಯಿಬಿಟ್ಟು ಕೇಳಲಾರವು, ಅವುಗಳ ಪರವಾಗಿ ನಾವು ಕೇಳಬೇಕು ಎಂದಿರಿ. ನನ್ನ ಪಕ್ಕ ಕೂತ ಮುದುಕಿಯ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು.

ಮರುದಿನ ಬೆಳಿಗ್ಗೆ ನಿಮ್ಮ ಬಾಡಿಗೆ ಮನೆಯ ಹಿಂದೆ ಏನು ಕಂಡೆನೆಂದು ನಿಮಗೆ ಗೊತ್ತು. ಮನೆ ಮಾಲೀಕರ ಎಮ್ಮೆ, ಅದರ ಮುಂದೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಹೊಲಿದು ನಿಲ್ಲಿಸಿದ ಗೊಂಬೆ. ಗಂಡು ಕರು, ಹಾಲು ಕುಡಿಸಿ ಸಾಕಿ ಏನು ಮಾಡುವುದೆಂದು ಸಾಯಲು ಬಿಟ್ಟರಂತೆ. ಎಮ್ಮೆ ಆ ಹುಲ್ಲಿನ ಗೊಂಬೆಯನ್ನು ನೆಕ್ಕುತ್ತಿತ್ತು, ಕೆಳಗೆ ಹಾಲು ಇಳಿಯುತ್ತಿತ್ತು, ನಿಮ್ಮ ತಂಬಿಗೆ ತುಂಬುತ್ತಿತ್ತು. ನಾನು ಕೇಳಿದೆ. ನೀವು ಹೇಳಿದಿರಿ: “ಎಮ್ಮಿ ಅವರದು, ನಂದಲ್ಲ. ನನಗ ಪಿತ್ತ ಐತಿ, ಹಾಲು ಬಿಟ್ರ ನಡಿಯೂದಿಲ್ಲ.” ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಆವತ್ತು ಹಾಲು ಬಿಟ್ಟವಳು ಇಂದಿನವರೆಗೆ ಮುಟ್ಟಿಲ್ಲ. ನಿಮ್ಮ ಸಂಘಕ್ಕೆ ಒಬ್ಬಳೇ ಒಬ್ಬಳು ನಿಜವಾದ ಸದಸ್ಯೆ ಸಿಕ್ಕಿದ್ದರೆ ಅದು ನಾನು. ಆವತ್ತಿನ ಬಸ್ಸಿಗೇ ಊರಿಗೆ ಬಂದೆ, ಮತ್ತೆ ನಿಮ್ಮ ಹೊಸ್ತಿಲು ತುಳಿದಿಲ್ಲ.

ಈಗ ಕಾಲಿನ ವಿಷಯ. ಮಹಾನವಮಿಗೆ ಮುಂಚೆ ಕೋಣ ಹಗ್ಗ ಹರಿದುಕೊಂಡು ಮತ್ತೆ ಹೊನ್ನೂರಪ್ಪನ ಹೊಲಕ್ಕೇ ಹೋಯಿತು. ಅದಕ್ಕೆ ಆ ಹೊಲದ ರುಚಿ ನೆನಪಿತ್ತು, ಬಡಿಗೆ ನೆನಪಿರಲಿಲ್ಲ. ಈ ಸಲ ಅವನ ಕೈಯಲ್ಲಿ ಕೊಡಲಿ ಇತ್ತು. ತಿರುಗಿಸಿ ಹಿಂಭಾಗದಿಂದ ಹೊಡೆದನಂತೆ, ಹಿಂಗಾಲು ಮುರಿಯಿತು. ಊರವರು ಸೇರಿ ಎಳೆದು ತಂದು ಹಿತ್ತಲಲ್ಲಿ ಮಲಗಿಸಿದರು. ಮಲಗಿದ್ದು ಎದ್ದಿಲ್ಲ. ಬಿದಿರ ದಬ್ಬೆ ಕಟ್ಟಿದೆ, ಬೇವಿನೆಣ್ಣೆ ಹಚ್ಚಿದೆ. ಮಲಗಿ ಮಲಗಿ ಮಗ್ಗುಲು ಹುಣ್ಣಾಗಿದೆ, ಹುಳ ಬಿದ್ದಿವೆ, ನಾನೂ ಜೈನಾಬೀಯೂ ಕೂತು ಆರಿಸಿ ತೆಗೆಯುತ್ತೇವೆ. ಅದು ಮೇವು ಬಿಟ್ಟಿದೆ. ನರಳುವುದು ಮಾತ್ರ ಬಿಟ್ಟಿಲ್ಲ. ನೀವು ಮೈ ತುಂಬಿಕೊಂಡಿದೆಯೇ ಎಂದು ಕೇಳಿದ ಕೋಣ ಇದು.

ಯಲಬುರ್ಗಾದ ದನದ ಡಾಕ್ಟರನ್ನು ಕರೆಸಿದೆ. ಎಲುಬು ಕೂಡುವುದಿಲ್ಲ, ಇಂಜೆಕ್ಷನ್ ಕೊಟ್ಟು ಬಿಡುಗಡೆ ಮಾಡುವುದೊಂದೇ ದಾರಿ ಎಂದರು. ಕೊಡಿ ಎಂದೆ. ಅವರು ಹಿಂದೆ ಸರಿದರು. “ಪೇಪರಿನ್ಯಾಗ ಫೋಟೋ ಬಂದ ಕೋಣ ಇದು, ಯವ್ವಾ. ಸಂಘದವರು ಒಪ್ಪಿದ್ರ ಕೊಡ್ತೀನಿ, ಇಲ್ಲಂದ್ರ ನನ್ನ ನೌಕರಿಗೆ ಕುತ್ತು” ಎಂದರು. ಅದಕ್ಕೇ ನಿಮಗೆ ದಸರೆಯಲ್ಲಿ ಬರೆದದ್ದು. ಉತ್ತರವಾಗಿ ಆಫೀಸಿನಿಂದ ಬಂದದ್ದು, ನಿಮ್ಮ ಕೈಬರಹದ ಒಂದಕ್ಷರವೂ ಇಲ್ಲದ, ಸಂಘದ ಅಚ್ಚಾದ ನಿಯಮ: ಯಾವ ಕಾರಣಕ್ಕೂ ಜೀವ ತೆಗೆಯಕೂಡದು.

ತಾಳಲಾರದೆ ಹೋದ ವಾರ ಕಾಳಪ್ಪನ ಮನೆಗೆ ಹೋದೆ. ನಿಮ್ಮ ಹೆಂಡತಿ, ದಯಾ ಸಂಘದ ಕಾರ್ಯದರ್ಶಿಯ ಹೆಂಡತಿ, ದುರುಗವ್ವನ ಪೂಜಾರಿಯ ಮುಂದೆ ಸೆರಗೊಡ್ಡಿ, ನೀನೇ ಒಂದೇ ಏಟಿಗೆ ಮುಗಿಸಿಬಿಡು ಎಂದು ಬೇಡಿದಳು. ಅವನು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. ಆಮೇಲೆ ಹೇಳಿದ: “ಆಗ ಮಾಡಿದ್ರ ಅವ್ವಗ ಕೊಟ್ಟಂಗ ಆಗತಿತ್ತರಿ. ಈಗ ಮಾಡಿದ್ರ ಬರೇ ಕೊಂದಂಗ. ನನ್ನ ಕೈಲೆ ಆಗೂದಿಲ್ಲರಿ ಅಕ್ಕಾರ.” ಅವನು ಹೇಳಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಬಲಿ ತಪ್ಪೇ, ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ಇಡೀ ಊರಲ್ಲಿ ಆ ಕೋಣಕ್ಕಾಗಿ ಕಣ್ಣೀರು ಹಾಕಿದ ಗಂಡಸು ಅವನೊಬ್ಬನೇ. ನಿಮ್ಮ ಲೆಕ್ಕದಲ್ಲಿ ಅವನು ಕಟುಕ.

ಹೀಗಿದೆ ಕತೆ. ನನಗೆ ಶಾಲು ಬೇಡ. ಸೀರೆಯೂ ಇಲ್ಲ, ಇದ್ದರೂ ಉಡುವುದಿಲ್ಲ. ಕಾಲು ಮುರಿದ ಜೀವವನ್ನು ಲಾರಿಗೆ ಎತ್ತಿ ಹಾಕಿ ಬ್ಯಾಂಡಿನ ಹಿಂದೆ ಎಳೆಸಲು ನಾನು ಬಿಡುವುದಿಲ್ಲ. ನನಗೆ ನಿಮ್ಮಿಂದ ಬೇಕಾದದ್ದು ಒಂದೇ: ಡಾಕ್ಟರಿಗೆ ತೋರಿಸುವುದಕ್ಕೆ, ಸಂಘ ಒಪ್ಪಿದೆ ಎಂದು ಒಂದು ಸಾಲು. ಅಷ್ಟು ಬರೆದರೆ ಉಳಿದದ್ದನ್ನೆಲ್ಲ, ಆ ಹುಲ್ಲಿನ ಕರುವನ್ನೂ ಸೇರಿಸಿ, ನಾನು ಮರೆಯಲು ನೋಡುತ್ತೇನೆ. ಇಪ್ಪತ್ತು ವರ್ಷ ನಿಮ್ಮ ಮನೆಯಲ್ಲಿ ಬಾಳಿದವಳು ಇದೊಂದನ್ನು ಕೇಳುತ್ತಿದ್ದೇನೆ. ಬೇಗ ಬರೆಯಿರಿ.

ಇಂತಿ,
ನೀವು ಕೋಣದ ಜೊತೆಗೇ ಬಿಟ್ಟುಹೋದ
ವಿರೂಪಾಕ್ಷಮ್ಮ

ತಾ.ಕ.: ಕಾಗದ ಮಡಿಸಿ ಇಟ್ಟಿದ್ದೆ, ಟಪಾಲಿಗೆ ಹಾಕಲಿಲ್ಲ. ಇಂದು ಶುಕ್ರವಾರ. ನಿನ್ನೆ ಅದರ ಕಣ್ಣಿಗೂ ನೊಣ ಮುತ್ತತೊಡಗಿದವು, ತಲೆ ಕೊಡವಲೂ ಶಕ್ತಿ ಇರಲಿಲ್ಲ. ನಿಮ್ಮ ಸಾಲು ಬರುವವರೆಗೆ ಕಾಯಲು ನನ್ನಿಂದಾಗಲಿಲ್ಲ. ಡಾಕ್ಟರನ್ನು ಕರೆಸಿದೆ. “ಸಂಘದವರು ಒಪ್ಪಿದ್ರೇನವಾ?” ಎಂದು ಕೇಳಿದರು. “ಒಪ್ಪ್ಯಾರ್ರಿ, ನಮ್ಮ ಮನಿಯವರು ಹೇಳಿ ಕಳಿಸ್ಯಾರ” ಎಂದೆ. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಸುಮ್ಮನೆ ಹೋಯಿತು. ಹತ್ತೊಂಬತ್ತನೇ ತಾರೀಖು ಸಭೆಯಲ್ಲಿ ಹೆಂಡತಿ ಸುಳ್ಳು ಹೇಳಿದಳು ಎನ್ನುವುದಾದರೆ ಎನ್ನಿ, ಆದರೆ ಮೊದಲು ಇಲ್ಲಿಗೆ ಬಂದು ಈ ಜನರ ಮುಂದೆ ಅನ್ನಿ. ಹೊನ್ನೂರಪ್ಪ ಗುಂಡಿ ತೋಡಲು ಬಂದಿದ್ದ. ಮಣ್ಣು ಮುಚ್ಚಿದ ಮೇಲೆ, “ಮಾಸ್ತರಗ ಕಡೀಗೂ ದಯಾ ಬಂತು ನೋಡ್ರಿ ಅಕ್ಕಾರ” ಎಂದ. ನಾನು ಅಲ್ಲ ಎನ್ನಲಿಲ್ಲ.