ತಟ್ಟೆ ತುಂಬುವವರೆಗೆ ಕಾದ ರಕ್ತ

ಸೀಸೆ-ನಳಿಗೆಗಳ ಸಾರ್ವಭೌಮರೂ, ರಕ್ತ-ಮೂತ್ರಗಳ ಪರಮೋಚ್ಚ ನ್ಯಾಯಾಧೀಶರೂ, ಸುತ್ತೋಲೆ ಹೊರಡಿಸುವುದರಲ್ಲಿ ಅದ್ವಿತೀಯರೂ ಆದ ಆಸ್ಪತ್ರೆ ಪ್ರಯೋಗಾಲಯದ ಮುಖ್ಯಾಧಿಕಾರಿಗಳ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ, ನಿಮ್ಮ ಪ್ರಯೋಗಾಲಯ ನನ್ನ ಚಿಕ್ಕಮ್ಮನ ರಕ್ತದಲ್ಲಿದ್ದ ಸಕ್ಕರೆಯನ್ನು ತಿಂದುಹಾಕಿದೆ. ಯಾವ ಮಾತ್ರೆಗೂ ಆಗದ ಈ ಸಾಧನೆಗೆ ಮೊದಲು ಅಭಿನಂದನೆ. ತೊಂದರೆ ಇಷ್ಟೇ: ಸಕ್ಕರೆ ಇಳಿದದ್ದು ನಿಮ್ಮ ನಳಿಗೆಯಲ್ಲಿ. ಚಿಕ್ಕಮ್ಮನ ಮೈಯಲ್ಲಿ ಅದು ಏರುತ್ತಲೇ ಇತ್ತು.

ಚಿಕ್ಕಮ್ಮ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವವಳು. ನಿಮ್ಮ ವರದಿ ನೋಡಿ ಡಾಕ್ಟರು ಅವಳ ಮಾತ್ರೆಯನ್ನು ಅರ್ಧಕ್ಕಿಳಿಸಿದರು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಆಮೇಲೆ ಅವಳು ತಂಬಿಗೆಗಟ್ಟಲೆ ನೀರು ಕುಡಿಯತೊಡಗಿದಳು. ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕರೆಯತೊಡಗಿದಳು. ಕಣ್ಣು ಮಂಜಾಗಿದೆಯಾ ಎಂದು ಕೇಳಿದ್ದಕ್ಕೆ, "ರಿಪೋರ್ಟೇ ಚೆನ್ನಾಗಿದೆ ಅಂದಮೇಲೆ ಕಣ್ಣಿನ ಮಾತು ಯಾರು ಕೇಳ್ತಾರೋ" ಎಂದು ನನ್ನ ಬಾಯಿ ಮುಚ್ಚಿಸಿದಳು. ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಏಳಲಿಲ್ಲ. ತುರ್ತು ವಿಭಾಗದಲ್ಲಿ ಬೆರಳು ಚುಚ್ಚಿ ನೋಡಿದರೆ, ಸಕ್ಕರೆ ಅಳೆಯುವ ಅಂಗೈಯಗಲದ ಯಂತ್ರ ಅಂಕಿಯನ್ನೇ ತೋರಿಸದೆ, ತನ್ನ ಅಳತೆ ಮೀರಿತೆಂದು ‘ಹೈ’ ಎಂದು ಕೂತುಬಿಟ್ಟಿತು. ಚಿಕ್ಕಮ್ಮ ಉಳಿದಳು. ಉಳಿದದ್ದರಲ್ಲಿ ನಿಮ್ಮ ಪಾಲೇನೂ ಇಲ್ಲ.

ಕಾರಣ ಹುಡುಕುತ್ತ ನಿಮ್ಮ ಪ್ರಯೋಗಾಲಯಕ್ಕೆ ಬಂದೆ. ಕಿಟಕಿಯ ಬಿಸಿಲಿನಲ್ಲಿ ರಕ್ತದ ನಳಿಗೆಗಳು ಸಾಲಾಗಿ ನಿಂತಿದ್ದವು. ರಕ್ತವನ್ನು ಗಿರಗಿರ ತಿರುಗಿಸಿ ಕಣಗಳನ್ನು ಬೇರ್ಪಡಿಸಬೇಕಾದ ಯಂತ್ರ ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿತ್ತು. ಯಾಕೆಂದು ಕೇಳಿದೆ. ಟೆಕ್ನಿಷಿಯನ್ ಅಕ್ಕ ಗೋಡೆಗೆ ಅಂಟಿಸಿದ್ದ ಸುತ್ತೋಲೆಯತ್ತ ಕೈ ಮಾಡಿದರು. ವಿದ್ಯುತ್ ಉಳಿತಾಯದ ದೃಷ್ಟಿಯಿಂದ, ನಳಿಗೆಗಳ ತಟ್ಟೆ ಪೂರ್ತಿ ತುಂಬಿದ ಮೇಲಷ್ಟೇ ಯಂತ್ರ ಚಾಲೂ ಮಾಡತಕ್ಕದ್ದು. ಕೆಳಗೆ ತಮ್ಮ ಅಮೃತಹಸ್ತದ ಸಹಿ.

"ಸೀಟು ತುಂಬೋವರೆಗೂ ವ್ಯಾನ್ ಬಿಡಲ್ಲ ಅಂತಾರಲ್ಲ, ಹಾಗೆ ಕಣಪ್ಪ" ಎಂದರು ಅಕ್ಕ. "ಇವತ್ತು ಜನ ಕಡಿಮೆ. ಸಂಜೆ ಆಗುತ್ತೆ."

ಮೈ ಉಂಡದ್ದನ್ನು ಒಡೆದು ಕಟ್ಟುವಾಗ ಹುಟ್ಟುವ ಸಣ್ಣ ಪದಾರ್ಥಗಳಿಗೆ ಮೆಟಬಾಲೈಟ್ ಎನ್ನುತ್ತಾರೆಂದು ತಮಗೆ ಹೇಳಿಕೊಡುವಷ್ಟು ದೊಡ್ಡವನು ನಾನಲ್ಲ. ಸಕ್ಕರೆ, ಯೂರಿಕ್ ಆಮ್ಲ, ಕ್ರಿಯಾಟಿನಿನ್: ಮೂತ್ರಪಿಂಡ ಸೋತಿದೆಯೋ, ಕೀಲು ಯಾಕೆ ಊದಿದೆಯೋ, ಒಳಗಿನ ಸುದ್ದಿಯನ್ನು ಹೊರಗೆ ತರುವುದು ಇವೇ. ಆದರೆ ಮೈಯಿಂದ ಹೊರಬಂದ ಮಾತ್ರಕ್ಕೆ ರಕ್ತಕಣಗಳು ಊಟ ಬಿಡುತ್ತವೆಯೇ? ಬೇರ್ಪಡಿಸದೆ ಬಿಟ್ಟರೆ ಸಕ್ಕರೆ ತಿನ್ನುತ್ತ, ಲ್ಯಾಕ್ಟೇಟ್ ಎಂಬ ಎಂಜಲು ಬಿಡುತ್ತ ಕೂತಿರುತ್ತವೆ. ತಮ್ಮ ಸುತ್ತೋಲೆಯ ಪ್ರತಿ ಅವುಗಳಿಗೆ ತಲುಪಿತ್ತೇ? ತಟ್ಟೆ ತುಂಬುವವರೆಗೆ ಉಪವಾಸವಿರತಕ್ಕದ್ದು ಎಂದು ಒಂದು ಷರಾ ಸೇರಿಸಲು ತಮಗೇಕೆ ಹೊಳೆಯಲಿಲ್ಲ? ಇನ್ನೆಷ್ಟು ಮನೆಗಳಲ್ಲಿ ನಿಮ್ಮ ವರದಿ ನೋಡಿ ಮಾತ್ರೆ ಅರ್ಧ ಮಾಡಿಕೊಂಡು ಖುಷಿಯಲ್ಲಿದ್ದಾರೆ? ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ತಮಗೆ?

ಆದ್ದರಿಂದ ಆ ಆದೇಶವನ್ನು ತಕ್ಷಣ ಗೋಡೆಯಿಂದ ಕೀಳಿಸಿ. ಒಂದೇ ನಳಿಗೆ ಬಂದರೂ ಯಂತ್ರ ತಿರುಗಲಿ. ಈ ನಿಯಮದ ಕಾಲದಲ್ಲಿ ಸಕ್ಕರೆಗೆಂದು ರಕ್ತ ಕೊಟ್ಟವರನ್ನೆಲ್ಲ ಕರೆಸಿ ಮತ್ತೆ ಪರೀಕ್ಷಿಸಿ.

ಇಂತಿ,
ಬಾಯಿ ಜೋರಿರುವ, ಎದೆ ಅಷ್ಟೇನೂ ಇಲ್ಲದ
ಚಿಕ್ಕಮ್ಮನ ಅಕ್ಕನ ಮಗ

ವಿ.ಸೂ.: ಸಕ್ಕರೆ ಕಾಯಿಲೆ ನಮ್ಮ ವಂಶದ್ದು, ನೀನೂ ರಕ್ತ ಕೊಟ್ಟು ನೋಡು ಎಂದು ಡಾಕ್ಟರು ನನಗೂ ಚೀಟಿ ಬರೆದಿದ್ದಾರೆ. ಚಿಕ್ಕಮ್ಮ ದಿನಾ ವಿಚಾರಿಸುತ್ತಾಳೆ. ಅವರ ಯಂತ್ರ ಮೊದಲು ಸರಿಯಾಗಿ ತಿರುಗಲಿ ಎಂದು ನಾನು ಜಾರಿಕೊಳ್ಳುತ್ತಿದ್ದೇನೆ. ತಾವು ನಾಳೆಯೇ ಸರಿಮಾಡಿಸಿಬಿಟ್ಟರೆ ನನಗೆ ನೆಪವೇ ಉಳಿಯುವುದಿಲ್ಲ. ಹಾಗಾಗಿ ಮೇಲಿನ ‘ತಕ್ಷಣ’ವನ್ನು ದಯವಿಟ್ಟು ಕೊಂಚ ನಿಧಾನವಾಗಿ ಓದಿಕೊಳ್ಳಿ.