ಮಗಳನ್ನು ಯಾರ ಕೈಗೆ

ನವೆಂಬರ್ ೧೨, ಬುಧವಾರ

ವಾರದಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಗೆ ಇವತ್ತು ಉತ್ತರ ಕೊಡಲೇಬೇಕಾಯಿತು. ವಕೀಲರ ಕಚೇರಿಯಲ್ಲಿ ಮನೆ, ಅಂಗಡಿ ಎಲ್ಲ ಮಗಳಿಗೆ ಎಂದು ವಿಲ್‌ನಲ್ಲಿ ಬರೆಸುವುದು ಸುಲಭವಾಗಿತ್ತು. ಆಮೇಲೆ ವಕೀಲರು ಕೇಳಿದರು, "ನಿಮ್ಮಿಬ್ಬರಿಗೂ ಏನಾದ್ರೂ ಆದ್ರೆ ಮಗು ಯಾರ ಹತ್ರ ಬೆಳೀಬೇಕು?"

ಹೆಂಡತಿ ತನ್ನ ತಂಗಿಯ ಹೆಸರು ಹೇಳುತ್ತಾಳೆ ಎಂದೇ ನಾನು ಕೂತಿದ್ದೆ.

"ಇವರ ಅಕ್ಕನ ಹತ್ರ," ಅಂದುಬಿಟ್ಟಳು.

ತಬ್ಬಿಬ್ಬಾದೆ. ಮನೆ ಕಟ್ಟುವಾಗ ನಮ್ಮ ಅಡುಗೆಮನೆಯ ಕಿಟಕಿ ಎಲ್ಲಿಡಬೇಕು ಎಂಬ ಜಗಳವಾದ ಮೇಲೆ ಅಕ್ಕನೂ ಇವಳೂ ಮುಖ ಕೊಟ್ಟು ಮಾತಾಡಿ ವರ್ಷಗಳೇ ಆಗಿವೆ.

ಮೆಟ್ಟಿಲಿಳಿಯುವಾಗ ಕೇಳಿದೆ, "ನಿಂಗೆ ಅಕ್ಕನ್ನ ಕಂಡ್ರೆ ಆಗಲ್ವಲ್ಲೇ?"

"ನಂಗೆ ಆಗಲ್ಲ. ಆದ್ರೆ ಮಗೂಗೆ ನ್ಯುಮೋನಿಯಾ ಆದಾಗ ನನ್ನ ಮುಖಾನೂ ನೋಡದೆ ಬಂದು ಆಸ್ಪತ್ರೇಲಿ ಅದರ ಪಕ್ಕ ಕೂತಿದ್ರು. ನನ್ನ ತಂಗಿ ಮುದ್ದು ಮಾಡ್ತಾಳೆ ಅಷ್ಟೇ. ಅವರು ಬೆಳೆಸ್ತಾರೆ."

ಅಕ್ಕನ ಒಪ್ಪಿಗೆಯನ್ನೂ ತಾನೇ ಕೇಳುತ್ತೇನೆಂದು ಕಾರಿನಲ್ಲಿ ಕೂತು ಸ್ಪೀಕರ್ ಹಾಕಿ ಫೋನ್ ಮಾಡಿದಳು. "ಅತ್ತಿಗೆ..." ಎಂದು ಶುರುಮಾಡಿ ಎಲ್ಲ ಹೇಳಿ ಮುಗಿಸುವವರೆಗೆ ದನಿ ಒಂದಿಷ್ಟೂ ನಡುಗಲಿಲ್ಲ.

"ಬಿಡ್ತು ಅನ್ನು, ಅಂಥದ್ದೇನೂ ಆಗಲ್ಲ," ಎಂದಳು ಅಕ್ಕ. "ಆದ್ರೂ ನಾನಿದ್ದೀನಿ. ಭಾನುವಾರ ಮಗೂನ ಕರ್ಕೊಂಡು ಬಾ. ನೀನೂ ಊಟಕ್ಕಿರು."

ಕಾರು ಶುರು ಮಾಡಲು ನನಗೆ ಕೂಡಲೇ ಆಗಲಿಲ್ಲ. ಇಷ್ಟು ವರ್ಷ ಇವಳನ್ನು ಬರೀ ಹಟಮಾರಿ ಎಂದುಕೊಂಡೇ ಸಂಸಾರ ಮಾಡಿದ್ದೇನೆ. ಈಗ ರಾತ್ರಿ ನಾನಿದನ್ನು ಬರೆಯುತ್ತಿರುವಾಗ ಪಕ್ಕದಲ್ಲಿ ಮಗಳ ಮೇಲೆ ಕೈ ಹಾಕಿಕೊಂಡು, ಬಾಯಿ ತೆರೆದು ಮಲಗಿದ್ದಾಳೆ. ಎಂಥ ಹೆಂಗಸಪ್ಪಾ ಇವಳು! ವಕೀಲರೆದುರು ಕೂತು ಉತ್ತರ ಹೇಳಬೇಕಾದವನು ನಾನಾಗಿದ್ದರೆ, ನನಗೆ ಆಗದವರ ಹೆಸರು ಬಾಯಿಂದ ಬರುತ್ತಿತ್ತೇ?