ಮುಕ್ಕುಂದಕ್ಕೆ ಬಂದ ಜಪಾನಿನ ಪಂಪು

ಮುಕ್ಕುಂದ, ತಾ. ಸಿಂಧನೂರು
೨೦-೧೦-೧೯೮೬

ನಮ್ಮ ಸೂಗಮ್ಮನ ಅಪ್ಪನವರಿಗೆ ಆದೆಮ್ಮ ಮಾಡುವ ನಮಸ್ಕಾರಗಳು.

ದುಬೈಯಲ್ಲಿ ಆರೋಗ್ಯವಾಗಿದ್ದೀರಾ? ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ ಇಲ್ಲವೋ, ನಿಮ್ಮದೇನೂ ನಂಬುವಂತಿಲ್ಲ. ಎಂಟು ತಿಂಗಳ ಮಗಳು ಸೂಗಮ್ಮ ಅಂಬೆಗಾಲಿಟ್ಟು ಹೊಸ್ತಿಲು ದಾಟುತ್ತಾಳೆ. ಮೂಗು ಥೇಟ್ ನಿಮ್ಮದೇ. ನೀವಿನ್ನೂ ಅವಳ ಮುಖ ನೋಡಿಲ್ಲ.

ಇಲ್ಲಿ ನಾವು ಹೆದರಿ ಸತ್ತಿದ್ದೇವೆ. ಭತ್ತಕ್ಕೆ ಔಷಧಿ ಹೊಡೆಯುವ ಜಪಾನಿನ ಪಂಪನ್ನು ನಿಮ್ಮ ಜೊತೆ ದುಡಿಯುವ ರಹಮಾನಸಾಬರ ಕೈಯಲ್ಲಿ ಕಳಿಸಿದ್ದಿರಲ್ಲ, ಪಾಪ, ಅವರು ರಜೆಗೆ ಲಿಂಗಸುಗೂರಿಗೆ ಬರುವಾಗ ಅದನ್ನು ಬಿಚ್ಚಿ, ಹಾಸಿಗೆಯಲ್ಲಿ ಸುತ್ತಿ ತಂದು, ಇಲ್ಲಿ ಜೋಡಿಸಿಕೊಟ್ಟು, "ಯಾರಿಗೂ ತೋರಿಸಬ್ಯಾಡ್ರಿ ಅಕ್ಕಾ" ಎಂದು ಕೈಮುಗಿದು ಹೋಗಿದ್ದರು. ನಾನು ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಿದ್ದೆ. ಆಯುಧಪೂಜೆಯ ದಿನ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಅದನ್ನು ಹೊರಗಿನ ಕಟ್ಟೆಯ ಮೇಲೆ ನೇಗಿಲು, ಕುಡುಗೋಲುಗಳ ನಡುವೆ ಕೂರಿಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿಬಿಟ್ಟಿದ್ದರು. ಬೈದರೆ, "ದುಡಿಯಾಕ ಬಂದ ಕಬ್ಬಿಣಾನ ಕತ್ತಲ್ಯಾಗ ಇಟ್ಟು ಹಬ್ಬ ಮಾಡ್ಲೇನ ಬೇ?" ಎಂದರು. ಪೂಜೆಗಿಟ್ಟದ್ದನ್ನು ತೆಗೆಯಗೊಡಲಿಲ್ಲ; ಮರುದಿನ ಬನ್ನಿ ಕೊಡಲು ಬಂದ ಊರೆಲ್ಲ ನೋಡಿತು.

ನಾಲ್ಕನೇ ದಿನಕ್ಕೆ ಕಸ್ಟಮ್ಸಿನವರ ಜೀಪು ಬಂತು. ಪರದೇಶದ ಯಂತ್ರವನ್ನು ಲೈಸೆನ್ಸಿಲ್ಲದೆ, ಸುಂಕ ಕಟ್ಟದೆ ತಂದರೆ ಜೈಲಂತೆ. ನಮ್ಮ ದೇಶದ ಕಾರ್ಖಾನೆಗಳು ಉಳಿಯಲೆಂದೇ ಮಾಡಿದ ಕಾಯಿದೆಯಂತೆ. ಇಲ್ಲಿಯ ಪಂಪಿನಿಂದ ಔಷಧಿ ಬೆನ್ನ ಮೇಲೆಲ್ಲ ಸೋರಿ ನಿಮ್ಮ ತಮ್ಮ ಗದ್ದೆಪ್ಪ ಗದ್ದೆಯಲ್ಲೇ ಬಾಯಲ್ಲಿ ನೊರೆ ಬಂದು ಬಿದ್ದು, ಹೇಗೋ ಬದುಕಿಕೊಂಡದ್ದನ್ನು ಆ ಸಾಹೇಬರಿಗೆ ಹೇಗೆ ಹೇಳಲಿ? ಹೂಮಾಲೆ ಸಮೇತ ಪಂಪನ್ನು ಒಯ್ದರು. ಅತ್ತೆ ಅಂದಿನಿಂದ ರೊಟ್ಟಿ ಮುಟ್ಟಿಲ್ಲ. ನಾಯಿ ಬೊಗಳಿದರೂ ನಾನು ಎದ್ದು ಬಾಗಿಲ ಚಿಲಕ ಹಾಕುತ್ತೇನೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಗದ್ದೆಪ್ಪನ ನಮಸ್ಕಾರ.

ನಿಮ್ಮ
ಆದೆಮ್ಮ

ತಾ.ಕ.: ಟಪಾಲಿನ ಹೊತ್ತಾಯಿತು. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪಂಪು ತಂದವರು ಯಾರೆಂದು ಸಾಹೇಬರು ಕೇಳಿದರು. ರಹಮಾನಸಾಬರ ಹೆಂಡತಿ ಜಮೀಲಾಬೀಗೆ ಇದೇ ತಿಂಗಳು ಹೆರಿಗೆ. ಹೋದ ವರ್ಷ ರಜೆಗೆ ಬಂದಾಗ ನನ್ನ ಗಂಡನೇ ತಂದ ಅಂದೆ. ಹೆಸರು ಹೇಳು ಎಂದರು. ಮದುವೆಯಾದಾಗಿನಿಂದ ಬಾಯಲ್ಲಿ ತರದ ನಿಮ್ಮ ಹೆಸರನ್ನು ಎರಡು ಸಲ ಹೇಳಿದೆ. ಮೊದಲ ಸಲ ಅವರಿಗೆ ಕೇಳಿಸಲಿಲ್ಲ. ಬರೆದುಕೊಂಡರು. ಬೊಂಬಾಯಿಯಲ್ಲಿ ಇಳಿದರೆ ನಿಮ್ಮನ್ನು ಹಿಡಿಯುತ್ತಾರೆ. ಮಗಳ ಜವಳಕ್ಕೆ ಬರುತ್ತೇನೆಂದು ಬರೆದಿದ್ದಿರಿ. ಬರಬೇಡಿ.